ತಡವಾದರೂ ಸರಿ, ಕಳೆದುಹೋಗಬಾರದು: ಸಿಗ್ನಲ್ ಇಲ್ಲದ ಹೊಲದ ಫೋಟೊಗೆ ಹೊಣೆ ಯಾರು?

'ಮದ್ದೂರು ಬಸ್ಸಿಗೆ ಕೊಟ್ಟಿದೀನಿ ಕಣ್ಲಾ, ಸ್ಟ್ಯಾಂಡ್‌ತಾವ ನಿಂತ್ಕಂಡು ಇಸ್ಕೊ.'

ಮಂಡ್ಯ ಕಡೆಯವರಿಗೆ ಈ ಮಾತು ಹೊಸದಲ್ಲ. ಹಾಸ್ಟೆಲ್‌ನಲ್ಲಿರೋ ಮಗನಿಗೆ ಊಟದ ಡಬ್ಬಿ, ರಿಪೇರಿಗೆ ಹೋಗಬೇಕಾದ ಪಂಪ್‌ಸೆಟ್ಟಿನ ಸ್ಟಾರ್ಟರು, ಮರೆತು ಬಂದ ಮಾರ್ಕ್ಸ್ ಕಾರ್ಡು, ಎಲ್ಲವೂ ಹೀಗೇ ಬಸ್ಸು ಹತ್ತಿ ಊರಿಂದೂರಿಗೆ ಹೋಗಿವೆ. ಇದರಲ್ಲಿ ಯಾರಿಗೂ ಅವಸರ ಇಲ್ಲ. ಡಬ್ಬಿ ಒಂದು ಗಂಟೆ ತಡ ಆಗಬಹುದು, ಬಸ್ಸು ಕೆಟ್ಟರೆ ಎರಡು ಗಂಟೆ. ಆದರೆ ತಲುಪುತ್ತೆ. ಯಾಕೆ? ಒಂದು, ಡಬ್ಬಿ ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತು. ಎರಡು, ಆ ಕಡೆ ಹೋಗೋರು ಯಾರು ಅನ್ನೋದು ಗೊತ್ತು. ಮೂರು, ಕೈಗೆ ತಗೊಂಡ ಕಂಡಕ್ಟರಣ್ಣ 'ಆಯ್ತು ಕೊಡಿ' ಅಂದಿದ್ದಾನೆ. ಇನ್ನೊಬ್ಬರ ಕೈಗೆ ಕೊಡೋವರೆಗೂ ಅದು ಅವನ ಹೊಣೆ.

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೊಂದು ಹೆಸರಿದೆ. ಡಿಲೇ ಟಾಲರೆಂಟ್ ನೆಟ್‌ವರ್ಕ್, ಅಂದರೆ ತಡವನ್ನು ತಾಳಿಕೊಳ್ಳುವ ಜಾಲ. ನಾವು ದಿನಾ ಬಳಸೋ ಇಂಟರ್ನೆಟ್ ಕಳಿಸುವವರಿಂದ ಪಡೆಯುವವರ ತನಕ ಅದೇ ಕ್ಷಣದಲ್ಲಿ ಪೂರ್ತಿ ದಾರಿ ತೆರೆದಿರಬೇಕು ಅಂತ ಬಯಸುತ್ತೆ. ದಾರಿ ಎಲ್ಲೋ ತುಂಡಾದರೆ 'ಸಂಪರ್ಕ ಸಾಧ್ಯವಾಗಲಿಲ್ಲ' ಅಂತ ಕೈ ಎತ್ತುತ್ತೆ. ತಡ ತಾಳುವ ಜಾಲ ಹಾಗಲ್ಲ. ದಾರಿ ಇಲ್ಲದಿದ್ದರೆ ಸಂದೇಶವನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತೆ, ಆ ಕಡೆ ಹೋಗೋ ಇನ್ನೊಂದು ಸಾಧನ ಸಿಕ್ಕಾಗ ದಾಟಿಸುತ್ತೆ. ಗ್ರಹಗಳ ನಡುವಿನ ಸಂಪರ್ಕಕ್ಕೆಂದು ಹುಟ್ಟಿದ ಈ ಯೋಚನೆಯನ್ನು ಕೆವಿನ್ ಫಾಲ್ ಎಂಬ ಸಂಶೋಧಕ 2003ರ ಪ್ರಬಂಧವೊಂದರಲ್ಲಿ ನೆಲಕ್ಕಿಳಿಸಿದರು. ಅದೇ ಹೊತ್ತಿಗೆ ಇದು ಕರ್ನಾಟಕದ ಒಂದು ಸರ್ಕಾರಿ ಬಸ್ಸಿನ ಮೇಲೂ ಓಡುತ್ತಿತ್ತು.

ಇದು ತಂತ್ರಜ್ಞಾನದ ಕತೆ ಮಾತ್ರ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯ ಇರಲಿಲ್ಲ. ಬೆಳೆ ಸಮೀಕ್ಷೆಯಿಂದ ಕೂಲಿ ಹಾಜರಾತಿಯವರೆಗೆ ಸರ್ಕಾರ ಇವತ್ತು ಹಳ್ಳಿಯವರ ಹತ್ತಿರ ಒಂದನ್ನು ಕೇಳುತ್ತಿದೆ: ನೀನು ಎಲ್ಲಿದ್ದೀಯ ಅಂತ ಫೋನಿನಲ್ಲಿ ತೋರಿಸು. ತೋರಿಸಿದ್ದು ದಾರಿಯಲ್ಲಿ ಕಳೆದುಹೋದರೆ ಯಾರು ಹೊಣೆ ಅನ್ನೋದನ್ನು ಮಾತ್ರ ಯಾರೂ ಹೇಳುತ್ತಿಲ್ಲ.

ದೊಡ್ಡಬಳ್ಳಾಪುರದ ಬಸ್ಸು

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಯ ಕಾಲ ಮುಗಿಯಿತು, 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗತೊಡಗಿತು. ಸರಿ, ಆದರೆ ಎಲ್ಲಿ? ತಾಲ್ಲೂಕು ಕಚೇರಿಯಲ್ಲಿ. ಹಲಗೂರಿನ ಆಚೆ ಕಡೆ ಹಳ್ಳಿಯವರು ಮಳವಳ್ಳಿಗೆ ಬರಬೇಕು, ಕೊಪ್ಪದ ಕಡೆಯವರು ಮದ್ದೂರಿಗೆ ಬರಬೇಕು. ಅರ್ಧ ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಆಗ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಸ್ಯಾಂಡಿ ಪೆಂಟ್‌ಲ್ಯಾಂಡ್, ರಿಚರ್ಡ್ ಫ್ಲೆಚರ್, ಅಮೀರ್ ಹಾಸನ್ 'ಡಾಕ್‌ನೆಟ್' ಎಂಬ ಪ್ರಯೋಗವನ್ನು ದೊಡ್ಡಬಳ್ಳಾಪುರಕ್ಕೆ ತಂದರು. ಡಾಕ್ ಅಂದರೆ ಅಂಚೆ. ಹಳ್ಳಿಗೆ ಕೇಬಲ್ ಎಳೆಯಲಿಲ್ಲ, ಟವರ್ ಹಾಕಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಒಂದು ಪುಟ್ಟ ಕಂಪ್ಯೂಟರು, ವೈ-ಫೈ ಕಾರ್ಡು, ಆಂಟೆನಾ ಕೂರಿಸಿದರು. ಬಸ್ಸಿನ ಬ್ಯಾಟರಿಯಿಂದಲೇ ಕರೆಂಟು. ಬಸ್ಸಿನ ಸಲಕರಣೆಗೆಲ್ಲ ಸೇರಿ ಆದ ಖರ್ಚು ಸುಮಾರು 580 ಡಾಲರ್. ತಾಲ್ಲೂಕಿನ ಸರ್ವರಿನಿಂದ ಭೂದಾಖಲೆ ತುಂಬಿಕೊಂಡ ಬಸ್ಸು ಹಳ್ಳಿಯ ಮಾಹಿತಿ ಕೇಂದ್ರದ ಹತ್ತಿರ ಬಂದಾಗ ಎರಡೂ ತಾವಾಗಿಯೇ ಮಾತಾಡಿಕೊಳ್ಳುತ್ತಿದ್ದವು. ಒಂದು ಭೇಟಿ ಸರಾಸರಿ ಎರಡೂವರೆ ನಿಮಿಷ. ಅಷ್ಟರಲ್ಲಿ ಒಂದು ದಿಕ್ಕಿನಲ್ಲಿ ಸುಮಾರು 20 ಎಂಬಿ ದತ್ತಾಂಶ ದಾಟುತ್ತಿತ್ತು. ದಿನಕ್ಕೆ ಆರು ಸಲದವರೆಗೆ ಬಸ್ಸು ಹೀಗೆ ಹಾದುಹೋಗುತ್ತಿತ್ತು.

20 ಎಂಬಿ ಅಂದರೆ ಇವತ್ತು ಒಂದೆರಡು ರೀಲ್ಸ್. ಆದರೆ ಲೆಕ್ಕ ಹಾಕಿ ನೋಡಿ. ಹೊಲದ ಒಂದು ಫೋಟೊ 200 ಕೆಬಿ ಅಂದುಕೊಂಡರೂ, ಎರಡೂವರೆ ನಿಮಿಷದಲ್ಲಿ 100 ಹೊಲದ ಫೋಟೊ ಬಸ್ಸು ಹತ್ತಿರುತ್ತೆ. ಅದೂ 20 ವರ್ಷ ಹಿಂದಿನ ವೈ-ಫೈನಲ್ಲಿ.

ಆಮೇಲೆ ಟವರುಗಳು ಬಂದವು, ಸ್ಮಾರ್ಟ್‌ಫೋನ್ ಬಂತು. ಬಸ್ಸಿನ ಪ್ರಯೋಗ ಪ್ರಬಂಧಗಳಲ್ಲಿ ಉಳಿಯಿತು. ಪ್ರಯೋಗದ ಜೊತೆಗೆ ಅದರ ಹಿಂದಿದ್ದ ಒಂದು ವಿನಯವೂ ಹೋಯಿತು ಅನ್ನೋದು ನನ್ನ ದೂರು. 'ಹಳ್ಳಿಯಲ್ಲಿ ಸಂಪರ್ಕ ತುಂಡಾಗುತ್ತೆ, ಅದನ್ನು ಒಪ್ಪಿಕೊಂಡೇ ವ್ಯವಸ್ಥೆ ಕಟ್ಟೋಣ' ಅನ್ನುವ ವಿನಯ ಅದು.

ಜಾಗ ಗೊತ್ತಿದ್ದರೆ ದಾರಿ ಸಿಗುತ್ತಾ?

ತಡ ತಾಳುವ ಜಾಲದಲ್ಲಿ ದೊಡ್ಡ ಪ್ರಶ್ನೆ ಒಂದೇ: ಸಂದೇಶವನ್ನು ಯಾರ ಕೈಗೆ ಕೊಡೋದು?

ಸುಲಭದ ಉತ್ತರ, ಸಿಕ್ಕಿದವರಿಗೆಲ್ಲ ಒಂದೊಂದು ಪ್ರತಿ ಕೊಟ್ಟುಬಿಡೋದು. ಊರಲ್ಲಿ ಗುಲ್ಲು ಹಬ್ಬುತ್ತಲ್ಲ, ಹಾಗೆ. 2000ದಲ್ಲಿ ಅಮೀನ್ ವಹದತ್ ಮತ್ತು ಡೇವಿಡ್ ಬೆಕರ್ ಇದನ್ನೇ ಸಾಂಕ್ರಾಮಿಕ ವಿಧಾನ ಅಂತ ಕರೆದರು. ಸಂದೇಶ ಬೇಗ ತಲುಪುತ್ತೆ, ನಿಜ. ಆದರೆ ಎಲ್ಲರ ಫೋನಿನ ಜಾಗ, ಬ್ಯಾಟರಿ ಖಾಲಿ. ಗುಲ್ಲಿನ ಹಾಗೇ ಅದು ಹೋಗಬಾರದ ಕಿವಿಗೂ ಹೋಗುತ್ತೆ.

ಇನ್ನೊಂದು ಉತ್ತರ, ಜಾಗ ನೋಡಿ ಕೊಡೋದು. ಸಂದೇಶದ ಮೇಲೆ ಹೆಸರಿನ ಬದಲು ಅಕ್ಷಾಂಶ ರೇಖಾಂಶ ಇರುತ್ತೆ. ನನಗಿಂತ ಆ ಜಾಗಕ್ಕೆ ಹತ್ತಿರ ಇರುವವರು ಸಿಕ್ಕರೆ ಅವರಿಗೆ ದಾಟಿಸು, ಇಲ್ಲದಿದ್ದರೆ ಇಟ್ಟುಕೊ. ಕೇಳೋಕೆ ಚೆನ್ನಾಗಿದೆ. ನಮ್ಮ ಮೂರು ಊರಿಗೆ ಇದನ್ನು ಹಚ್ಚಿ ನೋಡೋಣ.

ಮಂಡ್ಯದಲ್ಲಿ ಒಂದು ಸಂದೇಶ ಇದೆ, ಮಳವಳ್ಳಿಗೆ ಹೋಗಬೇಕು. ನಕ್ಷೆ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದರೆ ಸುಮಾರು 23 ಕಿ.ಮೀ. ಆಗ ಮದ್ದೂರಿಗೆ ಹೊರಟ ಬಸ್ಸೊಂದು ಬಂತು. ಮದ್ದೂರಿನಿಂದ ಮಳವಳ್ಳಿಗೆ ಅದೇ ಸ್ಕೇಲಿನಲ್ಲಿ ಸುಮಾರು 22 ಕಿ.ಮೀ. ಇಷ್ಟು ದೂರ ಹೋದರೂ ಹತ್ತಿರ ಆಗೋದು ಒಂದೇ ಕಿ.ಮೀ.! ಬರೀ ದೂರ ಅಳೆಯುವ ಯಂತ್ರ 'ಇದರಿಂದ ಏನು ಪ್ರಯೋಜನ' ಅಂತ ಬಸ್ಸನ್ನು ಬಿಟ್ಟುಬಿಡಬಹುದು. ಆದರೆ ಮಂಡ್ಯದ ಯಾವ ಅಜ್ಜಿಗೂ ಗೊತ್ತು, ಮಳವಳ್ಳಿ ಬಸ್ಸು ತಪ್ಪಿದರೆ ಮದ್ದೂರಿಗೆ ಹೋಗಿ ಕೆ.ಎಂ. ದೊಡ್ಡಿ ಮೇಲೆ ಹೋಗೋ ಬಸ್ಸು ಹಿಡಿಯಬಹುದು ಅಂತ.

ಇನ್ನೂ ಮಜಾ ಬೇಕಾದರೆ ಶಿವನಸಮುದ್ರಕ್ಕೆ ಹೋಗಿ. ಗಗನಚುಕ್ಕಿ ನೋಡುವ ಜಾಗ ಮಳವಳ್ಳಿ ಕಡೆ, ಭರಚುಕ್ಕಿ ಕೊಳ್ಳೇಗಾಲದ ಕಡೆ. ನಕ್ಷೆಯಲ್ಲಿ ಅಕ್ಕಪಕ್ಕ. ನಡುವೆ ಕಾವೇರಿ. 'ಹತ್ತಿರ, ಇನ್ನೂ ಹತ್ತಿರ' ಅಂತ ದಾಟುತ್ತಾ ಬಂದ ಸಂದೇಶ ಹೊಳೆ ದಂಡೆಗೆ ಬಂದು ನಿಂತುಬಿಡುತ್ತೆ. ಮುಂದೆ ನೀರು. ಹಿಂದೆ ಹೋದರೆ ದೂರ ಹೆಚ್ಚಾಗುತ್ತೆ, ನಿಯಮ ಬಿಡಲ್ಲ. ಇಂಥ ಕುರುಡು ಮೂಲೆಯನ್ನು ದಾಟಿಸೋದು ಹೇಗೆ ಅನ್ನೋದರ ಮೇಲೆಯೇ ಸಂಶೋಧಕರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ.

ಅವರು ಕಂಡುಕೊಂಡ ಒಳ್ಳೆಯ ಉತ್ತರ ಹಳ್ಳಿಯ ವಿವೇಕದ ಹತ್ತಿರವೇ ಇದೆ. 2007ರಲ್ಲಿ ಇಲಿಯಾಸ್ ಲಿಯಾಂಟಿಯಾಡಿಸ್ ಮತ್ತು ಸಿಸಿಲಿಯಾ ಮಾಸ್ಕೊಲೊ ರೂಪಿಸಿದ 'ಜಿಯಾಪ್ಸ್' ವಿಧಾನ, ವಾಹನ ಈಗ ಎಲ್ಲಿದೆ ಅಂತ ಕೇಳಲ್ಲ, ಮುಂದೆ ಯಾವ ದಾರಿಯಲ್ಲಿ ಹೋಗುತ್ತೆ ಅಂತ ಕೇಳುತ್ತೆ. ಆ ದಾರಿ ಸಂದೇಶದ ಊರಿಗೆ ಎಲ್ಲಿ ಹೆಚ್ಚು ಹತ್ತಿರ ಬರುತ್ತೆ, ಅಲ್ಲಿಂದ ಮುಂದಕ್ಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕುತ್ತೆ. ಬಸ್ಸಿನ ಬೋರ್ಡು ಓದಿ ಹತ್ತೋದು ಅಂದರೆ ಇದೇ. ಪ್ರತಿಗಳನ್ನೂ ಊರಿಗೆಲ್ಲ ಹಂಚದೆ ನಾಲ್ಕೈದಕ್ಕೆ ಮಿತಿ ಹಾಕುವ ವಿಧಾನಗಳು ಬಂದವು.

ಇಲ್ಲಿ ಗಮನಿಸಬೇಕಾದ್ದು, ಜಾಗದ ಮಾಹಿತಿ ಇದ್ದ ಮಾತ್ರಕ್ಕೆ ಸಂದೇಶ ತಲುಪಲ್ಲ. ಜನ ಹೇಗೆ ಓಡಾಡುತ್ತಾರೆ, ಬಸ್ಸು ಎಷ್ಟೊತ್ತಿಗಿದೆ, ಹೊಳೆ ಎಲ್ಲಿ ಅಡ್ಡ ಬರುತ್ತೆ ಅನ್ನೋ ಊರಿನ ತಿಳಿವಳಿಕೆ ಸೇರಬೇಕು. ನಮ್ಮ ಆಳುವವರ ಆ್ಯಪ್‌ಗಳಲ್ಲಿ ಇಲ್ಲದಿರೋದು ಇದೇ.

ಹೊಲಕ್ಕೆ ಬಂದ ಆ್ಯಪ್

2020ರ ಮುಂಗಾರಿನಿಂದ ಕರ್ನಾಟಕದ ರೈತರು ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಫೋನಿನಲ್ಲಿ ಮಾಡಬಹುದಾಯಿತು. ಆ್ಯಪ್ ಹಾಕಿಕೊಂಡು, ನೆಟ್‌ವರ್ಕ್ ಇರೋ ಕಡೆ ಹೊಲದ ನಕ್ಷೆ ಇಳಿಸಿಕೊಂಡು, ಹೊಲದೊಳಗೆ ನಿಂತು ಬೆಳೆಯ ಫೋಟೊ ತೆಗೆಯಬೇಕು. ನೀವು ಆ ಸರ್ವೆ ನಂಬರಿನ ಒಳಗೇ ನಿಂತಿದ್ದೀರಾ ಅಂತ ಜಿಪಿಎಸ್ ನೋಡುತ್ತೆ. ಸಿಗ್ನಲ್ ಸಿಕ್ಕ ಮೇಲೆ ಅಪ್‌ಲೋಡ್. ರೈತರು ಮಾಡದೆ ಬಿಟ್ಟ ಹೊಲಗಳಿಗೆ ಖಾಸಗಿ ನಿವಾಸಿಗಳು, ಅಂದರೆ ಪಿ.ಆರ್.ಗಳು ಹೋಗಿ ಮಾಡುತ್ತಾರೆ. ತಪ್ಪಿದ್ದರೆ 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಬಹುದು.

ಇದು ಒಳ್ಳೆ ಯೋಜನೆಯೇ. ಕಚೇರಿಯಲ್ಲಿ ಕೂತು 'ಕಬ್ಬು, ಭತ್ತ, ರಾಗಿ' ಅಂತ ಅಂದಾಜಿಗೆ ತುಂಬುತ್ತಿದ್ದ ಕಾಲಕ್ಕಿಂತ ಎಷ್ಟೋ ವಾಸಿ. ಯೋಚಿಸಿದರೆ, ಇದು ಅರಿಯದೇ ಕಟ್ಟಿದ ತಡ ತಾಳುವ ಜಾಲ. ಫೋಟೊ ಫೋನಿನ ಮಡಿಲಲ್ಲಿ ಕೂತಿದೆ. ಅದನ್ನು ಹೊತ್ತು ಸಿಗ್ನಲ್ ಇರೋ ಕಡೆಗೆ ನಡೆಯುವ ವಾಹನ ರೈತನೇ.

ಜಿಪಿಎಸ್‌ಗೆ ಟವರ್ ಬೇಡ, ಅದು ಉಪಗ್ರಹದಿಂದ ಸಿಗೋದು. ಹಾಗಾಗಿ ಹೊಲದಲ್ಲಿ ನಿಂತ ಫೋನಿಗೆ ತಾನೆಲ್ಲಿದ್ದೀನಿ ಅಂತ ಗೊತ್ತು. ಅದನ್ನು ಹೇಳೋಕೆ ದಾರಿ ಇಲ್ಲ ಅಷ್ಟೆ.

ಈಗ ತೂತು ಎಲ್ಲಿದೆ ನೋಡಿ. ಫೋಟೊ ತೆಗೆದ ಕ್ಷಣದಿಂದ ಸರ್ವರಿಗೆ ತಲುಪುವ ಕ್ಷಣದವರೆಗೆ ಅದರ ಹೊಣೆ ಪೂರ್ತಿ ರೈತನದು. ಫೋನು ಕಾಲುವೆಗೆ ಬಿತ್ತು, ಮಗ ಗೇಮ್ ಹಾಕಿಕೊಳ್ಳೋಕೆ ಆ್ಯಪ್ ಅಳಿಸಿದ, ಅಪ್‌ಲೋಡ್ ಅರ್ಧಕ್ಕೆ ನಿಂತಿದ್ದು ಗೊತ್ತಾಗಲೇ ಇಲ್ಲ, ಕೊನೇ ದಿನಾಂಕ ದಾಟಿತು. ಆಗ ಏನು? 'ನಾನು ಸಮೀಕ್ಷೆ ಮಾಡಿದ್ದೆ ಸಾರ್' ಅಂತ ಹೇಳೋಕೆ ಅವನ ಕೈಯಲ್ಲಿ ಏನಿದೆ?

ಇದರಿಂದ ಏನು ನಷ್ಟ ಅಂತ ನಗರದ ಗೆಳೆಯರು ಕೇಳಬಹುದು. ಈ ಸಮೀಕ್ಷೆಯ ಮೇಲೆಯೇ ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ ನಿಂತಿವೆ. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಇನ್ನೊಂದು ಅಂತಾಗಿ ಅರ್ಜಿ ತಿರಸ್ಕಾರ ಆಗೋದು ಕರ್ನಾಟಕದ ರೈತರಿಗೆ ಗೊತ್ತಿರುವ ಕತೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆಯಿತು. ಮೊದಲ ಕಂತಿನಲ್ಲಿ ಬಂದಿದ್ದು ರೈತರಿಗೆ 2,000 ರೂಪಾಯಿವರೆಗೆ ಮಾತ್ರ. ಆ ಹಣವೂ ಡೇಟಾಬೇಸ್‌ನಲ್ಲಿ ಹೆಸರು ಸರಿಯಾಗಿ ಇದ್ದವರ ಖಾತೆಗೆ. ದಾಖಲೆಯಲ್ಲಿ ಇಲ್ಲದ ಬೆಳೆ ಒಣಗಿದರೂ ಒಣಗಿದ ಲೆಕ್ಕಕ್ಕೆ ಬರಲ್ಲ.

ಅನುಮಾನಕ್ಕೆ ಜಿಪಿಎಸ್, ತಲುಪಿಸೋಕೆ ಯಾರೂ ಇಲ್ಲ

ನರೇಗಾ ಕೂಲಿಯದೂ ಇದೇ ಕತೆ. ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ, ಜಿಯೋಟ್ಯಾಗ್ ಇರುವ ಫೋಟೊ ತೆಗೆದು ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಹಾಜರಾತಿ ಹಾಕೋದು 2023ರ ಜನವರಿ 1ರಿಂದ ಎಲ್ಲ ಕಡೆ ಕಡ್ಡಾಯವಾಯಿತು. ಆ ವರ್ಷ ಫೆಬ್ರವರಿಯಲ್ಲಿ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಅವರ ದೂರುಗಳಲ್ಲಿ ಇದೂ ಒಂದು: ನೆಟ್‌ವರ್ಕ್ ಸಿಗದೆ, ಸರ್ವರ್ ಕೈಕೊಟ್ಟು, ಮಾಡಿದ ಕೆಲಸದ ಹಾಜರಾತಿಯೇ ಬೀಳುತ್ತಿಲ್ಲ. ಸಚಿವಾಲಯದ ಉತ್ತರ, ಆ್ಯಪ್ ಆಫ್‌ಲೈನ್‌ನಲ್ಲೂ ಕೆಲಸ ಮಾಡುತ್ತೆ, ಸಿಗ್ನಲ್ ಬಂದಾಗ ಅಪ್‌ಲೋಡ್ ಮಾಡಬಹುದು. ಅಂದರೆ ತಡಕ್ಕೆ ಅವಕಾಶ ಕೊಟ್ಟರು. ನಡುವೆ ಕಳೆದುಹೋದರೆ? ಅದಕ್ಕೆ ಉತ್ತರ ಇಲ್ಲ.

ಇಷ್ಟೆಲ್ಲ ಮಾಡಿದ್ದು ಕಳ್ಳತನ ತಡೆಯೋಕೆ ಅಂದರು. ಅದಾದರೂ ಆಯಿತಾ? 2025ರ ಜುಲೈನಲ್ಲಿ ಅದೇ ಸಚಿವಾಲಯ ರಾಜ್ಯಗಳಿಗೆ ಸುತ್ತೋಲೆ ಬರೆದು, ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊ, ಫೋಟೊದ ಫೋಟೊ ಅಪ್‌ಲೋಡ್ ಆಗುತ್ತಿವೆ ಅಂತ ಒಪ್ಪಿಕೊಂಡಿತು. ಕಳ್ಳ ಫೋಟೊದ ಫೋಟೊ ತೆಗೆದು ಪಾರಾದ. ಬಿಸಿಲಲ್ಲಿ ಮಣ್ಣು ಹೊತ್ತವಳ ಹಾಜರಾತಿ ಸಿಗ್ನಲ್ ಕಾಯುತ್ತಾ ಕೂತಿತು.

ಸಂಶೋಧಕರ ಜಾಲದಲ್ಲಿ ಜಾಗದ ಮಾಹಿತಿ ಇರೋದು ಸಂದೇಶವನ್ನು ತಲುಪಿಸೋಕೆ. ನಮ್ಮ ಸರ್ಕಾರಿ ಆ್ಯಪ್‌ಗಳಲ್ಲಿ ಅದೇ ಮಾಹಿತಿ ಇರೋದು ಕಳಿಸುವವರನ್ನು ಅನುಮಾನಿಸೋಕೆ. ತಂತ್ರಜ್ಞಾನ ಒಂದೇ, ರಾಜಕೀಯ ಬೇರೆ.

ಹೊಣೆ ಹಸ್ತಾಂತರ ಮತ್ತು ಸಕಾಲ

ತಡ ತಾಳುವ ಜಾಲಕ್ಕೆಂದು 2007ರಲ್ಲಿ ಪ್ರಕಟವಾದ ನಿಯಮಾವಳಿಯಲ್ಲಿ ಒಂದು ಸೊಗಸಾದ ಯೋಚನೆ ಇದೆ: ಹೊಣೆಯ ಹಸ್ತಾಂತರ. ಸಂದೇಶ ತಗೊಂಡ ಸಾಧನ 'ನನಗೆ ತಲುಪಿದೆ, ಇನ್ನು ನನ್ನ ಹೊಣೆ' ಅಂತ ಹಿಂದಿನವರಿಗೆ ರಸೀದಿ ಕೊಡಬಹುದು. ಆ ರಸೀದಿ ಬರೋವರೆಗೂ ಹಿಂದಿನವರು ತಮ್ಮ ಪ್ರತಿ ಅಳಿಸುವಂತಿಲ್ಲ. ಹಾಗಾಗಿ ಯಾವ ಕ್ಷಣದಲ್ಲಿ ಕೇಳಿದರೂ ಸಂದೇಶಕ್ಕೆ ಒಬ್ಬ ಹೊಣೆಗಾರ ಇದ್ದೇ ಇರುತ್ತಾನೆ.

ಇದು ನಮಗೆ ಹೊಸದೇನಲ್ಲ. ಕರ್ನಾಟಕದಲ್ಲಿ 2011ರ ಕಾಯ್ದೆಯಡಿ 'ಸಕಾಲ' ಬಂತು. ಅರ್ಜಿ ಕೊಟ್ಟರೆ ಒಂದು ಸಂಖ್ಯೆ ಕೊಡಬೇಕು. ಆ ಕ್ಷಣದಿಂದ ಗಡಿಯಾರ ಶುರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಸಣ್ಣದು, ತತ್ವ ದೊಡ್ಡದು: ನಾಗರಿಕ ಕೊಟ್ಟ, ಸರ್ಕಾರ ತಗೊಂಡಿತು, ಇನ್ನು ಹೊಣೆ ಸರ್ಕಾರದ್ದು. ಕೆಎಸ್‌ಆರ್‌ಟಿಸಿ 2021ರಲ್ಲಿ 'ನಮ್ಮ ಕಾರ್ಗೊ' ಶುರು ಮಾಡಿದ ಮೇಲೆ ಬಸ್ಸಿಗೆ ಹಾಕುವ ಪಾರ್ಸೆಲ್ಲಿಗೂ ರಸೀದಿ ಇದೆ. ಹೊಲದ ಫೋಟೊಗೆ ಯಾಕಿಲ್ಲ?

ಕೇಳಬೇಕಾದ್ದು ಮೂರೇ. ಒಂದು, ಫೋಟೊ ತೆಗೆದ ಕ್ಷಣವೇ, ಸಿಗ್ನಲ್ ಇಲ್ಲದಿದ್ದರೂ, ಫೋನಿನಲ್ಲೇ ತಿದ್ದಲಾಗದ ಒಂದು ರಸೀದಿ ಸಂಖ್ಯೆ ಹುಟ್ಟಬೇಕು. ಇದಕ್ಕೆ ಬೇಕಾದ ಡಿಜಿಟಲ್ ಸಹಿಯ ತಂತ್ರ ಹಳೆಯದು. ಎರಡು, ಕೊನೇ ದಿನಾಂಕದ ಲೆಕ್ಕ ಫೋಟೊ ತೆಗೆದ ದಿನಕ್ಕೆ ಹಚ್ಚಬೇಕು, ಸರ್ವರ್ ತಲುಪಿದ ದಿನಕ್ಕಲ್ಲ. ಇದು ನಿಯಮದಲ್ಲಿ ಬರೆದಿರಬೇಕು, ಯಾವ ಅಧಿಕಾರಿಯ ದಯೆಗೂ ಬಿಡಬಾರದು. ಮೂರು, ಸಿಗ್ನಲ್ ಇಲ್ಲದ ರೈತ ತನ್ನ ಫೋಟೊವನ್ನು ಪಕ್ಕದ ಫೋನಿಗೋ, ಗ್ರಾಮ ಒನ್ ಕೇಂದ್ರಕ್ಕೋ ದಾಟಿಸುವಂತಿರಬೇಕು. ಆ ಕೇಂದ್ರ 'ತಗೊಂಡೆ' ಅಂದ ಕ್ಷಣದಿಂದ ಹೊಣೆ ಸರ್ಕಾರದ್ದು.

'ಟವರ್ ಬರುತ್ತೆ ಬಿಡಿ'

ಇದಕ್ಕೆಲ್ಲ ಸಿಗುವ ಸಿದ್ಧ ಉತ್ತರ ಇದು. ಬರಲಿ, ಬೇಡ ಅಂದವರು ಯಾರು? ನೆಟ್‌ವರ್ಕ್ ತಲುಪದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಆದರೆ ಟವರಿಗೂ ಕರೆಂಟು ಬೇಕು, ಮಳೆಗಾಳಿಗೆ ಅದೂ ನಿಲ್ಲುತ್ತೆ. ಹಳ್ಳಿಗೆ ಸಿಗ್ನಲ್ ಬಂತು ಅಂದರೆ ಹೊಲಕ್ಕೆ, ಕಾಡಂಚಿಗೆ, ಹೊಳೆ ದಂಡೆಗೆ ಬಂತು ಅಂತಲ್ಲ.

2023ರ ಅಕ್ಟೋಬರ್ 12ರಂದು ರಾಜ್ಯದ ತುಂಬಾ ಫೋನುಗಳು ಒಮ್ಮೆಲೇ ಕೂಗಿದ್ದು ನೆನಪಿದೆಯಾ? ವಿಪತ್ತಿನ ಎಚ್ಚರಿಕೆಯ ಪರೀಕ್ಷೆ ಅದು. ಇಂತಿಂಥ ಪ್ರದೇಶದ ಟವರುಗಳ ಕೆಳಗಿರುವ ಎಲ್ಲ ಫೋನಿಗೂ ಒಂದೇ ಸಲ ಸಂದೇಶ. ಇದೂ ಜಾಗ ನೋಡಿ ಕಳಿಸುವ ಸಂದೇಶವೇ, ಒಳ್ಳೆಯದೇ. ಆದರೆ ಅದು ಟವರ್ ಇರುವ ಜಾಗಕ್ಕೆ ಮಾತ್ರ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಹೊಳೆ ಪಕ್ಕದಲ್ಲಿ ಸಿಗ್ನಲ್ ಇಲ್ಲದೆ ನಿಂತವನಿಗೆ ಇವತ್ತಿಗೂ ಸುದ್ದಿ ತಲುಪಿಸೋದು ಸೈಕಲ್ಲು, ಬೈಕು, ಡಂಗುರ. ಅಂದರೆ ಮನುಷ್ಯ ಹೊತ್ತು ತರುವ ಸಂದೇಶ.

ಮೂಲಸೌಕರ್ಯ ತಾನಾಗಿ ಹತ್ತಿರದವರಿಗೆ ಮೊದಲು ಸಿಗುತ್ತೆ ಅನ್ನೋದನ್ನಂತೂ ಮಳವಳ್ಳಿಯವರಿಗೆ ಹೇಳಬೇಡಿ. ಅವರ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಸುಮಾರು 150 ಕಿ.ಮೀ. ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ. ತಂತಿ ಹೋಗೋದು ದುಡ್ಡಿರುವ ಕಡೆಗೆ. ಹಾಗಾಗಿ 'ಎಲ್ಲರಿಗೂ ಬರುತ್ತೆ' ಅನ್ನುವ ಭರವಸೆ ಬೇರೆ, ಬರೋತನಕ ಯಾರ ಹಕ್ಕೂ ಕಳೆಯಬಾರದು ಅನ್ನುವ ನಿಯಮ ಬೇರೆ. ಎರಡೂ ಬೇಕು.

ಎಚ್ಚರ: ಹೊಲ ಓಡಾಡಲ್ಲ, ಮನುಷ್ಯ ಓಡಾಡ್ತಾನೆ

ಇಷ್ಟು ಹೇಳಿದ ಮೇಲೆ ಅಪಾಯವನ್ನೂ ಹೇಳಬೇಕು.

ಟವರ್ ಇಲ್ಲದೆ ಫೋನಿಂದ ಫೋನಿಗೆ ಹಾರುವ ಆ್ಯಪ್‌ಗಳು ಯುವಜನರಿಗೆ ಗೊತ್ತೇ ಇವೆ. 2014ರಲ್ಲಿ ಹಾಂಗ್‌ಕಾಂಗ್‌ನ ಹೋರಾಟಗಾರರು ಫೈರ್‌ಚಾಟ್ ಬಳಸಿದರು. 2019ರಲ್ಲಿ ಅಲ್ಲೂ, ಸಿಎಎ ವಿರೋಧಿ ಹೋರಾಟದ ಹೊತ್ತಿಗೆ ಇಲ್ಲೂ ಬ್ರಿಡ್ಜ್‌ಫೈ ಹೆಸರು ಓಡಾಡಿತು. 2020ರಲ್ಲಿ ಲಂಡನ್ನಿನ ರಾಯಲ್ ಹಾಲೋವೇ ಸಂಶೋಧಕರು ಅದರಲ್ಲಿ ಗಂಭೀರ ಭದ್ರತಾ ಲೋಪಗಳನ್ನು ತೋರಿಸಿದರು. ಯಾರು ಯಾರ ಜೊತೆ ಮಾತಾಡ್ತಿದ್ದಾರೆ ಅನ್ನೋದನ್ನು ಹೊರಗಿನವರು ಪತ್ತೆ ಹಚ್ಚಬಹುದಿತ್ತು. 2025ರ ಜುಲೈನಲ್ಲಿ ಜಾಕ್ ಡಾರ್ಸಿ 'ಬಿಟ್‌ಚಾಟ್' ಬಿಟ್ಟರು, ಸೆಪ್ಟೆಂಬರ್‌ನ ನೇಪಾಳದ ದಂಗೆಯ ದಿನಗಳಲ್ಲಿ ಅದನ್ನು ಇಳಿಸಿಕೊಂಡವರು ಬಹಳ ಜನ.

ಇವು ತುಂಬಿದ ಬೀದಿಯಲ್ಲಿ ಕೆಲಸ ಮಾಡುತ್ತವೆ. ಬ್ಲೂಟೂತ್ ಹಾರೋದು ಹತ್ತಾರು ಮೀಟರ್. ಎರಡು ಹೊಲಗಳ ನಡುವೆ ಅಷ್ಟು ಹತ್ತಿರಕ್ಕೊಂದು ಫೋನ್ ಎಲ್ಲಿ ಸಿಗಬೇಕು? ಅಲ್ಲಿ ಹೊತ್ತು ನಡೆಯೋರೇ ಬೇಕು, ಯಾವ ಕಡೆ ನಡೀತಾರೆ ಅನ್ನೋದೇ ಮುಖ್ಯ.

ಇಲ್ಲೇ ಕತ್ತಿಗೆ ಎರಡನೇ ಅಲಗು ಇರೋದು. ಜಾಗ ನೋಡಿ ಒಬ್ಬ ಮನುಷ್ಯನಿಗೆ ಸಂದೇಶ ತಲುಪಿಸಬೇಕಾದರೆ ಆ ಮನುಷ್ಯ ಎಲ್ಲಿದ್ದಾನೆ ಅಂತ ಜಾಲಕ್ಕೆ ಸದಾ ಗೊತ್ತಿರಬೇಕು. ತಲುಪಿಸುವ ವಿಳಾಸವೇ ಬೆನ್ನಟ್ಟುವ ವಿಳಾಸ ಆಗುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ತಾನು ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗೇ ಕೊಟ್ಟಿದೆ. ಅಂಥ ನಾಡಿನಲ್ಲಿ 'ನೀವು ಎಲ್ಲಿದ್ದೀರಿ ಹೇಳಿ, ಸೇವೆ ತಲುಪಿಸ್ತೀವಿ' ಅಂದರೆ ಹೂಂ ಅನ್ನೋ ಮೊದಲು ಯೋಚಿಸಬೇಕು.

ದಾರಿ ಇದೆ. ತಾಲ್ಲೂಕು ಕಚೇರಿ ಓಡಾಡಲ್ಲ, ಗ್ರಾಮ ಪಂಚಾಯಿತಿ ಓಡಾಡಲ್ಲ, ಹೊಲವೂ ಓಡಾಡಲ್ಲ. ಹೋಗಬೇಕಾದ ಜಾಗ ಸ್ಥಿರವಾಗಿದ್ದರೆ ಯಾರನ್ನೂ ಬೆನ್ನಟ್ಟುವ ಅಗತ್ಯವೇ ಇಲ್ಲ. ಲಕೋಟೆಯ ಮೇಲೆ 'ಮಳವಳ್ಳಿ ತಾಲ್ಲೂಕು ಕಚೇರಿ' ಅಂತ ಇದ್ದರೆ ಸಾಕು, ಒಳಗಿನದು ಮೊಹರು ಹಾಕಿದ ಕಾಗದದ ಹಾಗೆ ಗೂಢಲಿಪಿಯಲ್ಲಿರಲಿ. ಹೊತ್ತವನಿಗೆ ಊರು ಕಂಡರೆ ಸಾಕು, ಪತ್ರ ಕಾಣಬೇಕಿಲ್ಲ. ನಾಗರಿಕನಿಂದ ಕಚೇರಿಗೆ ಹೋಗುವ ಸಂದೇಶಕ್ಕೆ ಜಾಗ ಆಧಾರವಾಗಲಿ. ಕಚೇರಿಯಿಂದ ನಾಗರಿಕನನ್ನು ಹುಡುಕಿಕೊಂಡು ಹೋಗುವುದಕ್ಕೆ ಬೇಡ. ಎಳೆಯಬೇಕಾದ ಗೆರೆ ಇಲ್ಲಿದೆ.

ಮುಂದಿನ ಸಲ ನಿಮ್ಮೂರಿನ ಗ್ರಾಮಸಭೆ ನಡೆದಾಗ, ಅಥವಾ ಬೆಳೆ ಸಮೀಕ್ಷೆಗೆ ಪಿ.ಆರ್. ಬಂದಾಗ, ಇದೊಂದು ಪ್ರಶ್ನೆ ಕೇಳಿ ನೋಡಿ: 'ಫೋಟೊ ತೆಗೆದಿದ್ದಕ್ಕೆ ರಸೀದಿ ಎಲ್ಲಿ?' ಅವರಿಗೆ ಉತ್ತರ ಗೊತ್ತಿರಲ್ಲ, ತಪ್ಪು ಅವರದ್ದೂ ಅಲ್ಲ. ಆದರೆ ಪ್ರಶ್ನೆ ಹತ್ತು ಊರಿನಲ್ಲಿ ಎದ್ದರೆ ತಾಲ್ಲೂಕಿಗೆ ಮುಟ್ಟುತ್ತೆ, ಹತ್ತು ತಾಲ್ಲೂಕಿನಲ್ಲಿ ಎದ್ದರೆ ವಿಧಾನಸೌಧಕ್ಕೆ. ತಡವಾಗಬಹುದು. ಆ ತಡವನ್ನು ನಾವು ತಾಳಬಲ್ಲೆವು.